ಬದುಕಿದ್ದವಳಿಗೆ ಇಟ್ಟ ಎಡೆ

ಸತ್ತವರು ಬಂದು ಉಂಡು ಹೋಗುತ್ತಾರೆ ಎಂದರೆ ನಗುವವರಲ್ಲಿ ನಾನೇ ಮೊದಲಿಗ. ಭೂತ ಪ್ರೇತ ಎಂದರೆ ಈಗಲೂ ನನಗೆ ನಗುವೇ. ಆದರೆ ಮರವಂತೆಯ ನಮ್ಮ ಮನೆಯಲ್ಲಿ ಆ ಸಂಜೆ ಉಂಡವರು ಸತ್ತವರೇ ಆಗಿರಲಿಲ್ಲ. ಹಾಗಾಗಿ ಇದನ್ನು ನಕ್ಕು ಮರೆಯಲು ನನಗೆ ಆಗಿಲ್ಲ.

ನನ್ನ ಅತ್ತೆ, ಎಂದರೆ ಅಪ್ಪನ ಅಕ್ಕ, ಸೈನ್ಯದಲ್ಲಿ ನರ್ಸ್ ಆಗಿದ್ದರು. ಮೀನುಗಾರರ ಮನೆಯ ಹುಡುಗಿ ಗೊತ್ತಾದ ಮದುವೆ ಬಿಟ್ಟು ಮಿಲಿಟರಿ ಸೇರಿದ್ದು ಅಜ್ಜನಿಗೆ ಸಹಿಸಲಾಗಲಿಲ್ಲ. ಮಗಳು ಸತ್ತಳು ಎಂದುಬಿಟ್ಟರು. ಹೇಳಿ ಸುಮ್ಮನಾಗಲೂ ಇಲ್ಲ. ನಮ್ಮಲ್ಲಿ ವರ್ಷಕ್ಕೊಮ್ಮೆ ಹಿರಿಯರಿಗೆ ಎಡೆ ಇಡುವ ಕ್ರಮವಿದೆ. ಅನ್ನ, ಮೀನಿನ ಸಾರು ಬಡಿಸಿ, ಕೋಣೆಯ ಬಾಗಿಲು ಹಾಕಿ, ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ಕೂರುತ್ತೇವೆ. ಆ ಸಾಲಿಗೆ ಅಜ್ಜ ಬದುಕಿದ್ದ ಮಗಳ ಎಲೆಯನ್ನೂ ಸೇರಿಸಿದರು.

ಅತ್ತೆ ಮೇಜರ್ ಆಗಿ ನಿವೃತ್ತರಾಗಿ ಬ್ರಹ್ಮಾವರದಲ್ಲಿ ಬಾಡಿಗೆ ಮನೆ ಹಿಡಿದರು. ಭಾನುವಾರ ಬಸ್ಸು ಹತ್ತಿ ಬಂದು ನಮ್ಮ ಜಗಲಿಯಲ್ಲಿ ಕೂರುತ್ತಿದ್ದರು. ತಂದೆ ಒಮ್ಮೆ ಮಾತಾಡಿಸಲಿ ಎಂಬುದೊಂದೇ ಅವರ ಆಸೆ. ಅಜ್ಜ ಮಾತ್ರ, "ಸತ್ತೋರ್ ಹತ್ರ ಎಂತ ಮಾತ್?" ಎಂದು ಕಡಲಿನ ಕಡೆ ಮುಖ ತಿರುಗಿಸುತ್ತಿದ್ದರು.

ಎಡೆಯ ವಿಷಯ ಅತ್ತೆಗೆ ತಿಳಿದದ್ದು ಊರಿಗೆ ಬಂದ ಮೇಲೆ. ಹಿಮ ಬೀಳುವ ಊರುಗಳಲ್ಲಿದ್ದಾಗ ವರ್ಷದಲ್ಲಿ ಒಂದು ಸಂಜೆ ಬಾಯಿ ತುಂಬ ಮೀನಿನ ಸಾರಿನ ರುಚಿ ಬರುತ್ತಿತ್ತು, ಅಂದು ಮೆಸ್ಸಿನ ಊಟ ಸೇರುತ್ತಲೇ ಇರಲಿಲ್ಲ ಎಂದು ನನಗೊಮ್ಮೆ ಹೇಳಿದರು. ಊರಿನ ಮೀನು ನೆನೆದರೆ ಯಾರ ಬಾಯಲ್ಲಿ ನೀರೂರುವುದಿಲ್ಲ ಎಂದು ನಾನು ತಮಾಷೆ ಮಾಡಿದೆ.

ಅಜ್ಜ ತೀರಿಕೊಂಡ ಮೇಲೆ ಅವರಿಗೂ ಎಡೆ ಇಟ್ಟೆವು. ರೂಢಿಯಂತೆ ಅಪ್ಪ ಅತ್ತೆಯ ಎಲೆಯನ್ನೂ ಹಾಕಿ ಬಡಿಸಿಬಿಟ್ಟರು. ತಪ್ಪು ನೆನಪಾದದ್ದು ಬಾಗಿಲು ಹಾಕಿದ ಮೇಲೆ, ನಡುವೆ ತೆರೆಯುವಂತಿಲ್ಲ. ಅಷ್ಟರಲ್ಲಿ ಅತ್ತೆ ಬಸ್ಸಿಳಿದು ಬಂದರು. ಅಪ್ಪನಿಗೆ ತಲೆ ಎತ್ತಲಾಗಲಿಲ್ಲ. ಅತ್ತೆ ಚಪ್ಪಲಿ ಬಿಟ್ಟು ಜಗಲಿಯಲ್ಲಿ ಕೂತರು, ತುಟಿ ಸವರಿಕೊಂಡರು, ಆಮೇಲೆ ನನ್ನ ಅಮ್ಮನನ್ನು ಕೇಳಿದರು: "ಎಂತ ಮಾರಾಯ್ತಿ, ಸಾರಿಗ್ ಉಪ್ಪೇ ಹಾಕ್ಲಿಲ್ಯಾ?"

ಎಡೆಯ ಅಡುಗೆಯನ್ನು ಮೊದಲು ಯಾರೂ ರುಚಿ ನೋಡುವುದಿಲ್ಲ. ಬಾಗಿಲು ತೆರೆದ ಮೇಲೆ ಅಮ್ಮ ಸಾರನ್ನು ನಾಲಿಗೆಗೆ ಹಚ್ಚಿ ನೋಡಿದರು. ಉಪ್ಪಿರಲಿಲ್ಲ. ಎಲೆಗಳಲ್ಲಿ ಬಡಿಸಿದ್ದು ಬಡಿಸಿದ ಹಾಗೇ ಇತ್ತು. ಸಾರಿನ ವಾಸನೆ ಜಗಲಿಗೆ ಬಂದಿರಬಹುದು, ಉಪ್ಪಿಗೆಲ್ಲಿಯ ವಾಸನೆ? ಇಷ್ಟು ವರ್ಷ ಯೋಚಿಸಿದರೂ ಇದರ ತಳಬುಡ ನನಗೆ ಸಿಕ್ಕಿಲ್ಲ. ಅಜ್ಜ ಸಿಟ್ಟಿನಿಂದಲೇ ಬಡಿಸುತ್ತಿದ್ದರೋ, ಮಗಳು ಎಲ್ಲೋ ಹಸಿದಿದ್ದಾಳೆಂದು ಬಡಿಸುತ್ತಿದ್ದರೋ, ಅದೂ ಗೊತ್ತಿಲ್ಲ. ಕೇಳೋಣವೆಂದರೆ ಅವರಿಲ್ಲ.

ಅಪ್ಪ ಅತ್ತೆಯ ಕಾಲ ಬಳಿ ಕೂತು ಅತ್ತುಬಿಟ್ಟರು. "ತಪ್ಪಾಯ್ತ್ ಅಕ್ಕ. ಇನ್ನ್ ಮೇಲೆ ನಿನ್ ಎಲೆ ಹಾಕುದಿಲ್ಲೆ."

"ನಿಲ್ಸ್‌ಬೇಡ ತಮ್ಮ," ಎಂದರು ಅತ್ತೆ. "ಮನಿ ಬಿಟ್ಟ್ ಹೋದ್ ಮೇಲೆ ಅಪ್ಪಯ್ಯ ನಂಗ್ ಬಡ್ಸಿದ್ದ್ ಅದೊಂದೇ ಅಲ್ದಾ?"