ಮೊಮ್ಮಗಳ ಹೆಸರು ಹೇಳುವವರು

ನನ್ನ ಮೊಮ್ಮಗಳು ಶಶಿಕಲಾ ಏನು ಮಾಡುತ್ತಾಳೆ ಅಂತ ಯಾರಾದರೂ ಕೇಳಿದರೆ ಇಷ್ಟು ವರ್ಷ ನಾನು ಒಲೆ ಮೇಲೆ ಹಾಲಿಟ್ಟಿದ್ದೀನಿ ಅಂತ ಹೇಳಿ ಒಳಗೆ ಹೋಗಿಬಿಡುತ್ತಿದ್ದೆ. ತುಮಕೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಅದು ಗೊತ್ತು. ಉಳಿದ ಹೊತ್ತಿನಲ್ಲಿ ರಿಸರ್ಚ್ ಮಾಡುತ್ತಾಳೆ. ಅದು ಏನು ಅನ್ನುವುದೇ ಗೊತ್ತಿರಲಿಲ್ಲ. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು ನಾನು. ಹಾಲು ಉಕ್ಕುವ ನೆಪ ಎಷ್ಟು ದಿನ ನಡೆಯುತ್ತದೆ ಹೇಳಿ?

ಕೊನೆಗೆ ಅವಳೇ ವಿವರಿಸಿದಳು, ನಾನು ಕಾಯಿ ತುರಿಯುತ್ತಾ ಕೂತಿದ್ದಾಗ. ಲೇತ್ ಮೆಷಿನ್ನಿನಲ್ಲಿ ಕಬ್ಬಿಣ ಕೊರೆಯುವಾಗ ಟೂಲು ನಡುಗುತ್ತದಂತೆ. ನಡುಗಿದರೆ ಮಾಲೆಲ್ಲ ಗೀರುಗೀರಾಗಿ ಹಾಳು. ಇವಳು ಮಾಡಿದ ಡಬ್ಬವೊಂದು ಆ ನಡುಕ ಶುರುವಾಗುವಾಗಲೇ ಕಂಡುಹಿಡಿದು ಮೆಷಿನ್ನಿನ ಸ್ಪೀಡನ್ನು ತಾನೇ ಏರಿಸಿ ಇಳಿಸುತ್ತದೆ. “ನೋಡಜ್ಜಿ, ತುರಿಮಣೆ ಮೇಲೆ ಕಾಯಿ ಅದುರಿದ್ರೆ ನಿನ್ನ ಕೈ ತಾನೇ ಸಡಿಲ ಆಗುತ್ತಲ್ಲ, ಅದನ್ನೇ ನಾವು ಕಂಟ್ರೋಲ್ ಅನ್ನೋದು” ಅಂದಳು. ಮದುವೆಯಾಗಿ ಬಂದಾಗಿನಿಂದ ದಿನಾ ಕಂಟ್ರೋಲ್ ಮಾಡಿಕೊಂಡೇ ಬಂದಿದ್ದೀನಿ, ಒಬ್ಬರಾದರೂ ಹೇಳಬಾರದೇ!

ಅವಳು ಬರೆದ ಲೇಖನ ಓದಿದ ಹೊರದೇಶದವರು ತಮ್ಮ ಲೇಖನದಲ್ಲಿ ‘ಇದು ಶಶಿಕಲಾ ಹೇಳಿದ್ದು’ ಅಂತ ಬರೆಯುತ್ತಾರಂತೆ. ಅಷ್ಟು ಜನ ಹೆಸರೆತ್ತಿದರೆ ದೃಷ್ಟಿಯಾಗದೆ ಇರುತ್ತದೆಯೇ? ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಒಂದಿಷ್ಟೂ ಘಾಟು ಬರಲಿಲ್ಲ. ದೃಷ್ಟಿ ಜೋರಾಗಿಯೇ ಆಗಿತ್ತು.

ಆದರೆ ಹೆಸರು ಹೇಳುವ ಪದ್ಧತಿ ನನಗೇನೂ ಹೊಸದಲ್ಲ. ಕಡಬದ ನಮ್ಮ ತೋಟದಲ್ಲಿ ನಮ್ಮತ್ತೆ ಗೌರಮ್ಮ ನೆಟ್ಟ ತೆಂಗಿನ ಮರವೊಂದಿದೆ. ಅದರ ಬಿತ್ತನೆ ಕಾಯಿ ಕೇಳಿಕೊಂಡು ಗುಬ್ಬಿ ಸುತ್ತಲಿನ ಜನ ಬರುತ್ತಾರೆ. ನಾವು ಮಾರುವುದಿಲ್ಲ, ಎಲೆ ಅಡಿಕೆ ಜೊತೆ ಮಡಿಲಿಗೆ ಹಾಕುತ್ತೇವೆ. ಒಯ್ದವರು ತಮ್ಮ ಮರ ಫಲ ಬಿಟ್ಟಾಗ ‘ಇದು ಕಡಬದ ಗೌರಮ್ಮನ ಮರದ್ದು’ ಅಂತ ಹೇಳಲೇಬೇಕು. ಹೇಳದೆ ತಿಂದರೆ ಮುಂದಿನ ಗೊನೆ ನಿಲ್ಲುವುದಿಲ್ಲ. ಕಾಲೇಜಿನವರು ಮಾಡುವುದೂ ಇದನ್ನೇ, ಇಂಗ್ಲಿಷಿನಲ್ಲಿ.

ಇಷ್ಟೆಲ್ಲ ಇದ್ದೂ ಹೋದ ವರ್ಷ ಹುಡುಗಿ ಮುಖ ಬಾಡಿಸಿಕೊಂಡು ಬಂದಳು. ಅವಳ ಕೆಲಸವನ್ನು ತೂಗಿ ನೋಡುವ ದೊಡ್ಡವರು ಕೇಳಿದ್ದರಂತೆ: ಕಾಗದದ ಮೇಲೆ ಚೆನ್ನಾಗಿದೆ, ಯಾವ ವರ್ಕ್‌ಶಾಪಿನಲ್ಲಿ ನಡೆದಿದೆ? ತಿಂಗಳೊಳಗೆ ತೋರಿಸದಿದ್ದರೆ ಇಲ್ಲಿಗೇ ನಿಲ್ಲಿಸೋಣ. ಏಳು ವರ್ಷದ ಕೆಲಸ. ಕೇಳಿದ ವರ್ಕ್‌ಶಾಪಿನವರೆಲ್ಲ ಆಗುವುದಿಲ್ಲ ಅಂದಿದ್ದರು.

ಶಿರಾ ಗೇಟಿನಲ್ಲಿ ನನ್ನ ತಂಗಿಯ ಮಗ ಮಹಾಲಿಂಗನ ಲೇತ್ ಅಂಗಡಿ ಇದೆ. ಅವಳನ್ನೂ ಡಬ್ಬವನ್ನೂ ಕರೆದುಕೊಂಡು ಹೋಗಿ ಕೂತೆ. ಮಹಾಲಿಂಗ ಡಬ್ಬದ ವೈರುಗಳನ್ನು ನೋಡಿ ಹಿಂದೆ ಸರಿದ.

“ದೊಡ್ಡಮ್ಮ, ಈ ಮೆಷಿನ್ನೇ ನನ್ನ ಅನ್ನ ಕಣಮ್ಮ. ಏನಾದ್ರೂ ಸುಟ್ಟೋದ್ರೆ? ಅದ್ನ ಬುಡು, ಮೊದ್ಲು ಕಾಫಿ ಕುಡಿ.”

“ಡಬ್ಬ ಕಟ್ಟೋಗಂಟ ನಿನ್ನ ಅಂಗಡಿ ನೀರೂ ಮುಟ್ಟಲ್ಲ ಕಣ್ಲಾ.”

ದೊಡ್ಡಮ್ಮ ಬಂದು ಬಾಯಾರಿಕೊಂಡೇ ಹೋದಳು ಅಂತಾದರೆ ನೆಂಟರಲ್ಲಿ ತಲೆ ಎತ್ತಲಾಗುತ್ತದೆಯೇ? ಒಂದು ಲೋಟ ಕಾಫಿ ಕೆನೆಗಟ್ಟಿತು. ಬಿಸಿಯಾಗಿ ಇನ್ನೊಂದು ತರಿಸಿದ, ಅದೂ ಕೆನೆಗಟ್ಟಿತು. ಮೂರನೆಯದು ಬಂದಾಗ ಮಹಾಲಿಂಗ ಕೈ ಮುಗಿದ. “ನಿನ್ನ ಹಟ ನಮ್ಮವ್ವಂಗೂ ಇರ್ಲಿಲ್ಲ. ಕಟ್ಟಮ್ಮ ಶಶಿ, ಕಟ್ಟು. ಸುಟ್ಟೋದ್ರೆ ನಿಮ್ಮಜ್ಜೀನೇ ಕೂತ್ಕೊಂಡು ತಿರುಗಿಸ್ಲಿ!”

ಮೊದಲು ಡಬ್ಬವಿಲ್ಲದೆ ಉದ್ದನೆಯ ಶಾಫ್ಟೊಂದನ್ನು ಕೊರೆದರು. ಮೆಷಿನ್ನು ಕಿರುಚಿದ್ದಕ್ಕೆ ನನ್ನ ಕಟ್ಟಿಸಿಕೊಂಡ ಹಲ್ಲು ಕಟಕಟ ಅಂದವು. ಆಮೇಲೆ ಅಂಥದ್ದೇ ಇನ್ನೊಂದಕ್ಕೆ ಡಬ್ಬ ಕಟ್ಟಿದರು. ಶಶಿಯ ಬೆರಳು ನಡುಗುತ್ತಿತ್ತು, ಅದಕ್ಕೆ ಡಬ್ಬ ಕಟ್ಟುವವರಿಲ್ಲ. ನಾನೇ ಹಿಡಿದುಕೊಂಡೆ. ಮೆಷಿನ್ನು ಒಂದು ಸಲ ಕಿರ್ ಅಂತ ಶುರುವಿಟ್ಟಿತು, ಅಷ್ಟರಲ್ಲಿ ಯಾರೋ ಗದರಿಸಿದ ಹಾಗೆ ತಣ್ಣಗಾಯಿತು. ಕೊನೆಯವರೆಗೂ ಅದೇ ಸಣ್ಣ ಗುಂಯ್.

ಮಹಾಲಿಂಗ ಶಾಫ್ಟಿನ ಮೇಲೆ ಉಗುರು ಎಳೆದು ನೋಡಿದ. ಎಲ್ಲೂ ತಡೆಯಲಿಲ್ಲ. “ಕನ್ನಡಿ ಆಗೈತಲ್ಲ ಕಣಮ್ಮ! ಇದ್ನ ಬಿಚ್ಚಬ್ಯಾಡ, ಇಲ್ಲೇ ಇರ್ಲಿ” ಅಂದ. ನಾನು ಮೂರು ಲೋಟ ಆರಿದ ಕಾಫಿಯನ್ನೂ ಕುಡಿದೆ.

ದೊಡ್ಡವರು ಅದೇ ಅಂಗಡಿಗೆ ಬಂದು ಕಣ್ಣಾರೆ ನೋಡಿದರು, ಕೆಲಸ ಮುಂದುವರಿಸಿ ಅಂದರು. ಅದಕ್ಕೇ ಕುಣಿಯುತ್ತಿದ್ದೆ, ಹೋದ ವಾರ ಮಹಾಲಿಂಗ ಮನೆಗೇ ಓಡಿ ಬಂದ. ಕುಣಿಗಲ್ಲಿನ ವರ್ಕ್‌ಶಾಪಿನವರೊಬ್ಬರು, ನಾವು ಮುಖವನ್ನೇ ನೋಡದವರು, ಅವನಿಗೆ ಫೋನ್ ಮಾಡಿ ‘ಶಿರಾ ಗೇಟ್ ಡಬ್ಬ’ ನಮಗೂ ಒಂದು ಬೇಕು ಅಂದರಂತೆ. ಶಶಿ ನನ್ನನ್ನು ತಬ್ಬಿಕೊಂಡು ಅತ್ತಳು, ನಕ್ಕಳು. “ಅಜ್ಜಿ, ನನ್ನ ಹೆಸರೂ ಗೊತ್ತಿಲ್ಲ ಅವ್ರಿಗೆ! ಆದ್ರೂ ಬೇಕಂತೆ! ಇದಕ್ಕಿಂತ ದೊಡ್ಡದು ಯಾವ ಲೇಖನದಲ್ಲೂ ಸಿಗಲ್ಲ.”

ಅವಳ ಮಾತು ನಿಜ. ಮಾಡಿದವರ ಹೆಸರು ಅಳಿದು ಮಾಡಿದ ಕೆಲಸ ಉಳಿದರೆ ಅದೇ ಗೆಲುವು ಅಂತ ತಿಳಿದವರೂ ಹೇಳುತ್ತಾರೆ. ಹೇಳಲಿ. ಅವರಿಗೆ ಮೊಮ್ಮಕ್ಕಳು ಇರಲಿಲ್ಲವೇನೋ. ನಾನು ಮಹಾಲಿಂಗನ ಫೋನ್ ಇಸಿದುಕೊಂಡು ಕುಣಿಗಲ್ಲಿನವರಿಗೆ ಹೆಸರು ಹೇಳಿದೆ, ಇನಿಷಿಯಲ್ ಸಮೇತ.