ತೊಳೆದ ಮೇಲೂ ಉಳಿದ ನೇರಳೆ

ನನ್ನ ಉಗುರುಗಳು ಹುಟ್ಟಿದಾಗಿನಿಂದಲೇ ನೀಲಿ ಎಂದು ಹುನಗುಂದದಲ್ಲಿ ಹಲವರು ನಂಬಿದ್ದರು. ನಾನೂ ಅಲ್ಲಗಳೆಯಲು ಹೋಗಲಿಲ್ಲ. ಇಳಕಲ್ಲಿನ ಬಣ್ಣದ ಮನೆಯಲ್ಲಿ ಬೆಳೆದವನ ಕೈ ಮತ್ತೆ ಹೇಗಿರಬೇಕು? ನೇಕಾರರು ತಂದುಕೊಟ್ಟ ನೂಲನ್ನು ನೀಲಿಯ ಹರವಿಯಲ್ಲಿ, ಆಳೆತ್ತರದ ಮಣ್ಣಿನ ಮಡಕೆಯಲ್ಲಿ, ಅದ್ದಿ, ಹಿಂಡಿ, ಒಣಗಿಸಿ ಮರಳಿ ಕೊಡುವುದು ನಮ್ಮ ಮನೆತನದ ಕಸುಬು. ಇಪ್ಪತ್ತೆರಡು ವರ್ಷದವನಾಗುವ ತನಕ ನಾನೂ ಅದನ್ನೇ ಮಾಡಿದೆ. ಆಮೇಲೆ ಅಪ್ಪನ ಕೂಡ ಜಗಳ ತೆಗೆದು, ಹುನಗುಂದದ ಸಣ್ಣದೊಂದು ದವಾಖಾನೆಯಲ್ಲಿ ಕಂಪೌಂಡರ್ ಆದೆ.

ಜಗಳ ಹರವಿಯ ವಾಸನೆಯ ಮೇಲೆ. ಅಷ್ಟಕ್ಕೇ ಮನೆ ಬಿಡುತ್ತಾರೆಯೇ ಎಂದು ಕೇಳುವವರು ಒಮ್ಮೆ ಆ ಹರವಿಯ ಬಾಯಿಗೆ ಮೂಗು ಹಿಡಿದು ನೋಡಬೇಕು. ಸುಣ್ಣ, ತಗಚೆ ಬೀಜ ಕುದಿಸಿದ ಗಂಜಿ, ನೀಲಿ ಎಲ್ಲ ಕೂಡಿ ಹುಳಿತು ಬುರುಗು ಏಳುತ್ತಿತ್ತು. ಅಪ್ಪ ಮಾತ್ರ ಹೊತ್ತಾರೆ ಒಮ್ಮೆ, ಸಂಜೆ ಒಮ್ಮೆ ಅದನ್ನು ಆಸೆಯಿಂದ ಮೂಸಿ, "ಇವತ್ತ ಆರಾಮ ಐತಿ" ಎನ್ನುತ್ತಿದ್ದ. ನಮಗೆ ಜ್ವರ ಬಂದರೂ ಅವನು ಅಷ್ಟು ವಿಚಾರಿಸಿದ ನೆನಪಿಲ್ಲ. ಅಜ್ಜನ ಕಾಲದಲ್ಲಿ ಹದಗೊಂಡ ಹರವಿಯಂತೆ ಅದು. ಒಂದು ದಿನವೂ ಪೂರ್ತಿ ಬರಿದು ಮಾಡಿದ್ದಿಲ್ಲ. ಹಳೆಯದರ ಮೇಲೆ ಹೊಸದನ್ನು ಹೊಯ್ಯುತ್ತ ಬಂದದ್ದು. ಆ ಹುಳಿಯನ್ನು ಏಳಿಸುವುದೂ ಬ್ಯಾಕ್ಟೀರಿಯಾಗಳೇ ಎಂದು ನನಗೆ ತಿಳಿದದ್ದು ದವಾಖಾನೆ ಸೇರಿದ ಮೇಲೆ. ಅವುಗಳ ಕಾಟಕ್ಕೆ ಮನೆ ಬಿಟ್ಟು ಬಂದು ಅವುಗಳದ್ದೇ ಚಾಕರಿ ಹಿಡಿದಿದ್ದೆ.

ನಾನು ಬಂದ ಮೇಲೆ ಅಪ್ಪ ಒಮ್ಮೆಯೂ ಹುನಗುಂದಕ್ಕೆ ಬರಲಿಲ್ಲ. ಯಾರಾದರೂ ನನ್ನ ಸುದ್ದಿ ಕೇಳಿದರೆ, "ಅಂವ ಈಗ ದವಾಖಾನ್ಯಾಗ ಬಾಟ್ಲಿ ತೊಳಿತಾನ" ಎನ್ನುತ್ತಿದ್ದನಂತೆ. ಸುಳ್ಳೇನೂ ಅಲ್ಲ. ಆದರೆ ಹೇಳುವ ಧಾಟಿ ನನಗೆ ಮುಟ್ಟುತ್ತಿತ್ತು, ಮೈ ಉರಿಯುತ್ತಿತ್ತು.

ನಮ್ಮ ಡಾಕ್ಟರು ಬಾದಾಮಿ ಕಡೆಯ ಮುಸಲ್ಮಾನರು. ಚಹಾದ ಮೇಲೆ ಅವರಿಗೆ ಪ್ರೀತಿ, ಮಂದಿಯನ್ನು ಕಾಡಿಸುವುದೆಂದರೆ ಇನ್ನೂ ಪ್ರೀತಿ. ಪ್ಲೇಗು ಊರಿಂದ ಊರಿಗೆ ತಿರುಗುತ್ತಿದ್ದ ಆ ವರ್ಷಗಳಲ್ಲಿ ನಮ್ಮ ದವಾಖಾನೆಗೂ ಒಂದು ದುರ್ಬೀನು ಬಂತು. ಕಣ್ಣಿಗೆ ಕಾಣದ ಕ್ರಿಮಿಯನ್ನು ದೊಡ್ಡದು ಮಾಡಿ ತೋರಿಸುವ ಯಂತ್ರ. ಅದರ ಪೆಟ್ಟಿಗೆಯ ಕೀಲಿ ಡಾಕ್ಟರರ ಕೋಟಿನ ಒಳಗಿಸೆ ಬಿಟ್ಟು ಕದಲುತ್ತಿರಲಿಲ್ಲ. ಬರಿದೇ ನೋಡಿದರೆ ಕ್ರಿಮಿಗಳು ಕಾಣುವುದಿಲ್ಲ, ಬಣ್ಣ ಹಾಕಬೇಕು ಎಂದು ತಿಳಿದ ಕೂಡಲೇ ಅವರು ನನ್ನ ಉಗುರು ನೋಡಿ ನಕ್ಕರು.

"ಬಣ್ಣಗಾರನ ಮಗ ಮನ್ಯಾಗ ಇರೂವಾಗ ನಾ ಯಾಕ ಕೈ ಹೊಲಸ ಮಾಡ್ಕೊಳ್ಲಿ? ಈ ಕೆಲಸ ನಿಂದಪಾ."

ಕೆಲಸ ಹೇಳಿದರೆ ಸುಲಭ. ಕೀವನ್ನೋ ಗಂಟಿನ ರಸವನ್ನೋ ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಬಳಿದು, ಒಣಗಿಸಿ, ಉರಿಯ ಮೇಲೆ ಮೂರು ಸಲ ಹಾಯಿಸಬೇಕು. ಮೇಲೆ ನೇರಳೆ ಬಣ್ಣ. ಆಮೇಲೆ ಅಯೋಡಿನ್; ಕೆಂಪು ಹಾಕುವ ಬಣ್ಣಗಾರರಲ್ಲಿ ಪಟಕದ, ಎಂದರೆ ಸ್ಫಟಿಕದ, ನೀರು ಮಾಡುವ ಕೆಲಸವನ್ನು, ಅಂದರೆ ಬಣ್ಣವನ್ನು ಹಿಡಿದು ಕೂರಿಸುವುದನ್ನು, ಇಲ್ಲಿ ಅದು ಮಾಡುತ್ತದೆ. ಇಲ್ಲಿಯ ತನಕ ನನ್ನ ಕೈಗೆ ಯಾರೂ ಹೇಳಿಕೊಡಬೇಕಾದದ್ದು ಇರಲಿಲ್ಲ. ಮುಂದಿನದು ಮಾತ್ರ ನನಗೆ ಸೇರಲಿಲ್ಲ. ಹಾಕಿದ ಬಣ್ಣವನ್ನು ಸ್ಪಿರಿಟ್ ಹೊಯ್ದು ತೊಳೆಯಬೇಕು! ಕೆಲವು ಕ್ರಿಮಿಗಳು ಎಷ್ಟು ತೊಳೆದರೂ ನೇರಳೆಯನ್ನು ಬಿಡುವುದಿಲ್ಲ. ಕೆಲವು ಬಿಟ್ಟುಬಿಡುತ್ತವೆ, ಕೊನೆಗೆ ಹಾಕುವ ಕೆಂಪು ಬಣ್ಣವನ್ನು ಅವು ಹಿಡಿಯುತ್ತವೆ. ಯಾವುದು ಯಾವ ಪಂಗಡದ್ದು ಎಂದು ಗೊತ್ತಾಗುವುದು ಹೀಗೆ. ಪ್ಲೇಗಿನದು ಕೆಂಪಾಗುವ ಪಂಗಡ.

ನನ್ನ ಪಟ್ಟಿಗಳಲ್ಲಿ ಎಲ್ಲವೂ ನೇರಳೆ. ಹುಣ್ಣಿನದೂ ನೇರಳೆ, ಭೇದಿಯದೂ ನೇರಳೆ, ಕೆಂಪಾಗಲೇಬೇಕಾದದ್ದೂ ನೇರಳೆ. ಡಾಕ್ಟರರು ದುರ್ಬೀನಿನಿಂದ ತಲೆ ಎತ್ತಿ ಕೇಳಿದರು: "ಏನಪಾ, ಹುನಗುಂದದಾಗ ಕೆಂಪ ಜಂತು ಹುಟ್ಟಂಗೇ ಇಲ್ಲೇನು?"

ತಪ್ಪು ಎಲ್ಲಿತ್ತೆಂದು ನನಗೂ ಗೊತ್ತಿತ್ತು. ಸ್ಪಿರಿಟ್ ಹೊಯ್ದಾಗ ಗಾಜಿನಿಂದ ನೇರಳೆ ಬಣ್ಣ ಬೋಗುಣಿಗೆ ಇಳಿಯುವುದನ್ನು ಕಂಡರೆ ನನ್ನ ಕೈ ತಾನಾಗಿ ನಿಂತುಬಿಡುತ್ತಿತ್ತು. ಬಣ್ಣ ಹರಿದು ಹೋಗುತ್ತಿದೆ ಎಂದರೆ ನಮ್ಮ ಮನೆಯಲ್ಲಿ ಹೆಂಗಸರು ಒಲೆಯ ಮೇಲಿನ ರೊಟ್ಟಿ ಬಿಟ್ಟು ಓಡಿ ಬರುತ್ತಿದ್ದರು. ಹುಟ್ಟಿದಾಗಿನಿಂದ ಕಲಿತದ್ದನ್ನು ಒಂದು ಬಾಟಲಿ ಸ್ಪಿರಿಟ್ ಬಿಡಿಸೀತೇ? ಕೊನೆಗೆ ಡಾಕ್ಟರರು ಸೋತು, "ನಿನ್ನ ನೇರಳಿ ನಾ ನಂಬಂಗಿಲ್ಲ" ಎಂದು ತೊಳೆಯುವ ಕೆಲಸವನ್ನು ತಾವೇ ಇಟ್ಟುಕೊಂಡರು. ನನಗೆ ಅವಮಾನವಾಯಿತು. ಎರಡು ದಿನ ಅವರಿಗೆ ಚಹಾ ಸಪ್ಪಗೆ ಮಾಡಿಕೊಟ್ಟೆ.

ಆ ವರ್ಷದ ಚಳಿಗಾಲದಲ್ಲಿ ಒಂದು ಮುಂಜಾನೆ ದವಾಖಾನೆಯ ಮುಂದೆ ಚಕ್ಕಡಿ ನಿಂತಿತು. ಎತ್ತು ಹೊಡೆದುಕೊಂಡು ಬಂದವನು ನನ್ನ ಅಣ್ಣ. ಹಿಂದೆ, ಕೌದಿ ಹೊದ್ದು ಮಲಗಿದವನು ಅಪ್ಪ. ಮೈ ಕಾದ ಹಂಚಿನಂತಿತ್ತು. ಬಲಗೈ ಮೈಗೆ ತಾಗದಂತೆ ದೂರ ಹಿಡಿದಿದ್ದ. ಬಗಲಲ್ಲಿ ನಿಂಬೆಹಣ್ಣಿನಷ್ಟು ಗಂಟು.

ಜ್ವರ, ಬಗಲಲ್ಲಿ ಗಂಟು. ಅದರ ಅರ್ಥ ಆಗ ಕೂಸಿಗೂ ಗೊತ್ತಿತ್ತು.

ಅಣ್ಣ ನನ್ನನ್ನು ಬದಿಗೆ ಕರೆದು ಹೇಳಿದ. ಎದುರು ಮನೆಯವರನ್ನು ಆಗಲೇ ಊರ ಹೊರಗಿನ ಗುಡಿಸಲಿಗೆ ಕಳಿಸಿದ್ದಾರೆ. ನಮ್ಮ ಮನೆಯ ಸುದ್ದಿಯೂ ಚಾವಡಿಗೆ ಮುಟ್ಟಿದೆ. ಡಾಕ್ಟರರ ಚೀಟಿ ತರದಿದ್ದರೆ ನಾಳೆ ಬಂದು ಮಾಳಿಗೆ ಕಿತ್ತು, ಗಡಿಗೆ ಮಡಿಕೆಗೆಲ್ಲ ಔಷಧಿ ನೀರು ಹೊಯ್ಯುತ್ತಾರೆ.

"ಹರವಿಗೂ ಹೊಯ್ತಾರಂತ" ಎಂದ ಅಪ್ಪ ಚಕ್ಕಡಿಯಿಂದಲೇ. ಎರಡು ವರ್ಷದ ಮೇಲೆ ನನ್ನ ಮುಖ ನೋಡಿ ಆಡಿದ ಮೊದಲ ಮಾತು ಅದು.

"ಯಪ್ಪಾ, ನಿನ್ನ ಜೀವದ ಮಾತ ಆಡು ಮೊದಲ!" ಎಂದು ನಾನು ಕೂಗಿಯೇ ಬಿಟ್ಟೆ. ಸಿಟ್ಟಲ್ಲ ಅದು, ಹೆದರಿಕೆ.

ಡಾಕ್ಟರರು ಗಂಟನ್ನು ಮುಟ್ಟಿ ನೋಡಿದರು. ಆಮೇಲೆ ಅಪ್ಪನ ಅಂಗೈ ತಿರುಗಿಸಿದರು. ಸುಣ್ಣದ ನೀರಿಗೆ ಒಡೆದ ಅಂಗೈ; ಒಂದು ಸೀಳಿನಲ್ಲಿ ಕೀವು ಕಟ್ಟಿತ್ತು. "ಈ ಕೈಯಿಂದಾನೂ ಬಗಲಾಗ ಗಂಟು ಏಳಬಹುದು ಯಜಮಾನ್ರ. ಪಿಳೇಗೂ ಇರಬಹುದು. ನೋಡದ ಹೇಳಾಕ ಬರಂಗಿಲ್ಲ." ನೇರಳೆ ಕಂಡರೆ ಬರೀ ಕೀವುಗಂಟು, ಮನೆಗೆ ಹೋಗಬಹುದು, ಕೆಂಪು ಕಂಡರೆ ಪ್ಲೇಗು ಎಂದೂ ಅವನಿಗೆ ತಿಳಿಯುವಂತೆ ಹೇಳಿದರು. ಅಪ್ಪ ತಲೆಯಾಡಿಸಿದ. ಬಣ್ಣದ ಲೆಕ್ಕದಲ್ಲಿ ಹೇಳಿದರೆ ಅವನಿಗೆ ತಿಳಿಯದ್ದು ಯಾವುದಿದೆ?

ಆದರೆ ಡಾಕ್ಟರರ ಬಲಗೈಗೆ ಬಟ್ಟೆ ಸುತ್ತಿತ್ತು. ಹಿಂದಿನ ವಾರ ಕುದಿಯುವ ಚಹಾ ಚೆಲ್ಲಿಕೊಂಡು ಮೂರು ಬೆರಳು ಸುಟ್ಟುಕೊಂಡಿದ್ದರು. ಅವರು ಹೇಳಿದ ಹಾಗೆ ನಾನೇ ಗಂಟಿಗೆ ಸೂಜಿ ಚುಚ್ಚಿ ರಸ ಎಳೆದೆ. ಅಪ್ಪ ಹಲ್ಲು ಕಚ್ಚಿಕೊಂಡೇ, "ಬರೇ ಬಾಟ್ಲಿ ತೊಳ್ಯೂದಲ್ಲ ಅನ್ನು" ಎಂದ.

ನಾನು ಗಾಜು ತೆಗೆದುಕೊಂಡಾಗ ಡಾಕ್ಟರರು ದನಿ ತಗ್ಗಿಸಿದರು. "ಒಂದ ಬದಿಗೆ ನಿಮ್ಮಪ್ಪಂದು ಬಳಿ. ಇನ್ನೊಂದ ಬದಿಗೆ ನಿನ್ನ ಹಲ್ಲಿನ ಕೊಳಿ ಬಳಿ. ಬಾಯಾಗ ಎರಡೂ ಥರದ್ದು ಇರತಾವ. ಅಲ್ಲಿ ಕೆಂಪ ಕಾಣಲಿಲ್ಲಂದ್ರ ನೀ ಛಂದಾಗಿ ತೊಳದಿಲ್ಲಂತ ತಿಳೀತೇನಿ. ಆಗ ನಿನ್ನ ನೇರಳಿಗೆ ನಾ ಚೀಟಿ ಬರಿಯಂಗಿಲ್ಲ."

ನೇರಳೆ ಹಾಕಿದೆ. ಅಯೋಡಿನ್ ಹಾಕಿದೆ. ಸ್ಪಿರಿಟ್ ಬಾಟಲಿ ಎತ್ತಿ ನಾಲ್ಕು ಹನಿ ಬಿಟ್ಟೆ. ನೇರಳೆ ಬಣ್ಣ ಬೋಗುಣಿಗೆ ಸುರಿಯತೊಡಗಿತು. ನನ್ನ ಕೈ ನಿಂತಿತು.

ಈ ಸಲ ಬರೀ ಚಟವಲ್ಲ. ಗಾಜಿನ ಮೇಲೆ ಆ ಕ್ಷಣದಲ್ಲಿ ಇದ್ದದ್ದು ನೇರಳೆ. ನೇರಳೆ ಎಂದರೆ ಅಪ್ಪ ಬದುಕುತ್ತಾನೆ, ಮನೆ ಉಳಿಯುತ್ತದೆ. ಇನ್ನೊಂದು ಹನಿ ಹೊಯ್ದರೆ ಅದು ಹೋದರೂ ಹೋದೀತು. ಹೊಯ್ಯುವವರೆಗೆ ಮಾತ್ರ ನನಗೆ ಅಪ್ಪನಿದ್ದಾನೆ ಎಂಬಂತೆ ಬಾಟಲಿ ಹಿಡಿದು ನಿಂತೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಹಲ್ಲಿನ ಬದಿಯನ್ನಷ್ಟೇ ಚೆನ್ನಾಗಿ ತೊಳೆದರೆ ಹೇಗೆ ಎಂಬ ಕಳ್ಳ ಯೋಚನೆಯೂ ಬಂತು.

ಬಾಕಿನ ಮೇಲೆ ಗೋಡೆಗೊರಗಿ ಕೂತ ಅಪ್ಪ ನನ್ನ ಕೈಯನ್ನೇ ನೋಡುತ್ತಿದ್ದ.

"ಯಾಕ ನಿಂತಿ?"

"ಬಣ್ಣ ಹೊಂಟೈತಿ ಯಪ್ಪಾ."

"ಹೋಗೂದು ಹೋಗ್ಲಿ. ಹೊಯ್ಯಿ."

"ಕೆಂಪ ಆದ್ರ?"

"ಆದ್ರ ಆತು. ಸುಳ್ಳ ಬಣ್ಣ ತಗೊಂಡ ನಾ ಹ್ಯಾಂಗ ಮನಿಗೆ ಹೋಗ್ಲಿ? ಮನ್ಯಾಗ ನಿಮ್ಮಣ್ಣನ ಸಣ್ಣ ಮಕ್ಕಳದಾವ. ಹೊಯ್ಯಿ!"

ಅಪ್ಪ ನೂಲು ಒಪ್ಪಿಸುತ್ತಿದ್ದ ರೀತಿ ಆಗ ಕಣ್ಣ ಮುಂದೆ ಬಂತು. ನೇಕಾರ ಬಂದು ಕೂತ ಮೇಲೆ, ಸಿದ್ಧವಾದ ನೂಲಿನ ಲಡಿಗಳಲ್ಲಿ ಒಂದನ್ನು ಅವನಿಂದಲೇ ಆರಿಸಿ, ಅವನ ಎದುರಿಗೇ ಬಟ್ಟೆ ಒಗೆಯುವ ಬಿಸಿ ಸವಳು ನೀರಿನಲ್ಲಿ ಅದ್ದಿ ತಿಕ್ಕುತ್ತಿದ್ದ. ಅರ್ಧಮರ್ಧವಲ್ಲ, ಬಣ್ಣವನ್ನು ಹೊರಗೆ ಎಳೆದೇ ತೀರುತ್ತೇನೆಂಬಂತೆ ತಿಕ್ಕಿ, ಬಿಳಿ ಪಂಚೆಯ ಮೇಲೆ ಹಿಂಡುತ್ತಿದ್ದ. ಪಂಚೆಗೆ ಕಲೆ ಹತ್ತಿದರೆ ಲಡಿಗಳನ್ನೆಲ್ಲ ತಾನೇ ಮರಳಿ ಎತ್ತಿಕೊಳ್ಳುತ್ತಿದ್ದ. ಬಣ್ಣ ಕಾಯುವುದನ್ನು ಮಾತ್ರ ನಾನು ಆ ಮನೆಯಲ್ಲಿ ಕಲಿತಿದ್ದೆ. ಪಂಚೆಯ ಭಾಗ ಕಲಿಯುವ ಮೊದಲೇ ಜಗಳ ತೆಗೆದು ಬಂದಿದ್ದೆ.

ಹೊಯ್ದೆ. ಎರಡೂ ಬದಿಗೆ ಸಮನಾಗಿ, ಇಳಿಯುವ ಹನಿ ತಿಳಿಯಾಗುವ ತನಕ ಹೊಯ್ದೆ. ನೀರಲ್ಲಿ ತೊಳೆದು, ಕೆಂಪು ಹಾಕಿ, ಮತ್ತೆ ತೊಳೆದು ಒಣಗಿಸಿದೆ. ಗಾಜಿನ ಮೇಲೆ ಬಣ್ಣವೆಂಬುದು ಇದೆಯೋ ಇಲ್ಲವೋ ಎನ್ನುವಂತಿತ್ತು. ಡಾಕ್ಟರರ ಕೈಗೆ ಕೊಟ್ಟು ಗೋಡೆ ನೋಡುತ್ತ ನಿಂತೆ.

ಅವರು ಮೊದಲು ಹಲ್ಲಿನ ಬದಿಯನ್ನು ನೋಡಿದರು. "ಅರೆ, ಕೆಂಪ ಅದಾವಲ್ಲೋ! ನೇರಳಿನೂ ಅದಾವ. ಶಾಭಾಸ್, ತೊಳದಿ. ಹಲ್ಲ ಮಾತ್ರ ತಿಕ್ಕಂಗಿಲ್ಲ ನೀ." ಆಮೇಲೆ ಗಾಜನ್ನು ಸರಿಸಿದರು. ಹತ್ತಾರು ಕಡೆ ನೋಡಿದರು. ಅಣ್ಣ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ.

"ದುಂಡನ್ನ ಕಾಳು" ಎಂದರು ಕಣ್ಣು ತೆಗೆಯದೆ. "ಗೊಂಚಲ ಗೊಂಚಲ. ಎಲ್ಲಾ ನೇರಳಿ. ಒಂದೂ ಕೆಂಪಿಲ್ಲ." ತಲೆ ಎತ್ತಿ ನಕ್ಕರು. "ಕೀವುಗಂಟು ಯಜಮಾನ್ರ. ಪಿಳೇಗಲ್ಲ. ಇವತ್ತ ಕೊಯ್ದ ಬಿಡೂಣು."

ಅಣ್ಣ ಅಲ್ಲೇ ಕುಕ್ಕರಿಸಿ ಅತ್ತ. ನಾನು ಅಳಲಿಲ್ಲ, ಬೋಗುಣಿ ತೊಳೆಯಲು ಹಿತ್ತಲಿಗೆ ಹೋದೆ. ತೊಳೆಯಲು ಬಹಳ ಹೊತ್ತು ಹಿಡಿಯಿತು.

ಮರಳಿ ಬಂದಾಗ ಅಪ್ಪ ತಾನೂ ನೋಡುತ್ತೇನೆಂದು ಹಟ ಹಿಡಿದಿದ್ದ. ಡಾಕ್ಟರರು ಸ್ಟೂಲು ಬಿಟ್ಟುಕೊಟ್ಟರು. ಒಂದು ಕಣ್ಣು ಮುಚ್ಚಲು ಅವನಿಗೆ ಬರುತ್ತಿರಲಿಲ್ಲ. ನಾನು ಅಂಗೈ ಅಡ್ಡ ಹಿಡಿದೆ. ಜ್ವರದ ಬಿಸಿ ನನ್ನ ಅಂಗೈಗೆ ತಾಗುತ್ತಿತ್ತು. ಬಗ್ಗಿ ನೋಡಿದ, ನೋಡುತ್ತಲೇ ಇದ್ದ. ದೇವರನ್ನೋ ಡಾಕ್ಟರರನ್ನೋ ನೆನೆಯುತ್ತಾನೆಂದು ನಾನು ಅಂದುಕೊಂಡೆ.

"ಇಲ್ಲಿ ನೀರ ಯಾವ ಭಾವಿದು?" ಎಂದು ಕೇಳಿದ. ಮೆಚ್ಚುವಂಥ ಬಣ್ಣ ಕಂಡರೆ ಬಣ್ಣಗಾರ ಮೊದಲು ವಿಚಾರಿಸುವುದು ನೀರನ್ನೇ.

ಡಾಕ್ಟರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಧ್ಯಾಹ್ನ ಎಡಗೈಯಲ್ಲಿ ಚೀಟಿ ಬರೆದುಕೊಟ್ಟರು. ಅಕ್ಷರ ಯಾರಿಗೂ ಓದಲು ಬಾರದಂತಿದ್ದುದರಿಂದ ನಾನು ಇನ್ನೊಂದು ಬರೆದು ಅವರ ಸಹಿ ಹಾಕಿಸಿಕೊಂಡೆ; ಅಣ್ಣ ಅಂದೇ ಅದನ್ನು ಚಾವಡಿಗೆ ಮುಟ್ಟಿಸಿ ಬಂದ. ಅವರು ಹೇಳಿದ ಹಾಗೆ ನಾನೇ ಗಂಟು ಕೊಯ್ದು ಪಟ್ಟಿ ಕಟ್ಟಿದ ಮೇಲೆ ಅಪ್ಪನಿಗೆ ಜ್ವರ ಇಳಿಯತೊಡಗಿತು. ಮೂರನೆಯ ದಿನ ಚಕ್ಕಡಿ ಹತ್ತಿಸುವಾಗ ಅವನು ನನ್ನ ತೋಳು ಹಿಡಿದುಕೊಂಡ.

"ತೊಳಿಯೂವಾಗ ಕೈ ನಡಗಿತೇನು?"

ಸುಳ್ಳು ಹೇಳಬೇಕೆಂದುಕೊಂಡೆ. "ನಡಗಿತು" ಎಂದೆ.

ಅವನು ಅಣ್ಣನ ಕಡೆ ಒಮ್ಮೆ ನೋಡಿದ. ಅಣ್ಣ ನೊಗದ ಹತ್ತಿರ ಎತ್ತಿನ ಹಗ್ಗ ಬಿಗಿಯುತ್ತಿದ್ದ.

"ನನಗೂ ನಡಗತೈತಿ" ಎಂದ ಅಪ್ಪ ಸಣ್ಣ ದನಿಯಲ್ಲಿ. "ಪ್ರತೀ ಲಡಿಗೂ. ಮಂದಿಗೆ ಕಾಣಬಾರದಂತ ಅಷ್ಟ ಜೋರಲೆ ತಿಕ್ಕತೇನಿ."