ಗಾಜಿಗೂ ಬಿಟ್ಟ ಹೊಲಿಗೆ

ಗುಬ್ಬಿಯ ನನ್ನ ಟೈಲರಿಂಗ್ ಅಂಗಡಿಗೆ ಮೀನಿನ ತೊಟ್ಟಿಯೊಂದನ್ನು ತಂದಿದ್ದೆ. ಅದರ ಮುಂಭಾಗ ಬಸುರಿಯ ಹೊಟ್ಟೆಯಂತೆ ಉಬ್ಬಿತ್ತು. ಮಧ್ಯಾಹ್ನದ ಬಿಸಿಲು ಆ ನೀರನ್ನು ಹಾದು ನಾನು ಹೊಲಿಯುವ ಬಟ್ಟೆಯ ಮೇಲೆ ಅಲೆಯಾಡುವಾಗ, ನೀರಿನೊಳಗೇ ಕೂತು ಹೊಲಿಯುತ್ತಿದ್ದೇನೆ ಅನ್ನಿಸುತ್ತಿತ್ತು. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ, ಕೆಂಪು ಮೀನು ಹೊರಗೆ ನೆಗೆದು ಚೂರುಬಟ್ಟೆಗಳ ನಡುವೆ ಸತ್ತು ಬಿದ್ದಿತ್ತು. ಉಳಿದ ಮೀನುಗಳಿಗಾದರೂ ಮುಚ್ಚಳ ಬೇಕಿತ್ತು.

ತುಮಕೂರಿನ ಗಾಜಿನಂಗಡಿಯವನು, "ಬಾಗಿರೋದಕ್ಕೆ ಟೇಪ್ ಅಳತೆ ಆಗಲ್ಲಕ್ಕ, ಪೇಪರ್‌ನಲ್ಲಿ ಕತ್ತರಿಸಿ ತನ್ನಿ" ಅಂದ. ಬ್ಲೌಸಿನ ಕತ್ತು ಕತ್ತರಿಸಿಯೇ ಅಂಗಡಿ ಕಟ್ಟಿದವಳು ನಾನು. ಹಳೇ ಪೇಪರನ್ನು ಸರಾಗವಾಗಿ ಕತ್ತರಿಸಿ ಕೊಟ್ಟೆ.

ಅವನೇ ಗಾಜು ತಂದು ತೊಟ್ಟಿಯ ಮೇಲೆ ಕೂರಿಸಿ ನಕ್ಕ. "ಅರ್ಧ ಇಂಚು ಆಚೆ ಬಂದೈತಲ್ಲಕ್ಕ! ಗಾಜಿಗೂ ಹೊಲಿಗೆಗೆ ಅಂತ ಬಿಟ್ರಾ?"

ಬಟ್ಟೆಗೆ ಬಿಡುವಂತೆ, ಕೈ ತನ್ನ ಅಭ್ಯಾಸದಲ್ಲೇ ಸುತ್ತ ಅರ್ಧ ಇಂಚು ಹೆಚ್ಚು ಬಿಟ್ಟುಬಿಟ್ಟಿತ್ತು. ತಪ್ಪಾಯಿತು ಅಂತ ಒಪ್ಪಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

"ಹ್ಞೂಂ ಕಣಪ್ಪ, ಮುಂದೆ ತೊಟ್ಟಿ ದಪ್ಪ ಆದ್ರೆ ಬೇಕಾಗುತ್ತೆ."

"ಕೊಡಿ, ಸರಿ ಮಾಡ್ತೀನಿ."

"ಇರ್ಲಿ ಬುಡು."

ಹಾಗೇ ಇದೆ. ಆಮೇಲೆ ಒಂದು ಮೀನೂ ನೆಗೆದು ಆಚೆ ಬೀಳಲಿಲ್ಲ. ಬೆಳಕು ಈಗಲೂ ನನ್ನ ಬಟ್ಟೆಯ ಮೇಲೆ ಈಜುತ್ತದೆ. ಇಷ್ಟು ವರ್ಷಗಳಲ್ಲಿ ದಪ್ಪಗಾದದ್ದು ತೊಟ್ಟಿಯಲ್ಲ, ನಾನು.